ಅಂಗಳಕ್ಕೆ ಇಳಿದು ಬಂದ ಶಾಲೆ: ತಾರಾಬಾಯಿ ಮೋಡಕ್ ಅವರ ಬದುಕು



ಚಾಮರಾಜನಗರ ಜಿಲ್ಲೆಯ ಹನೂರು ತಾಲ್ಲೂಕಿನ ಯಾವ ಊರಿಗೆ ಹೋದರೂ, ಅದು ರಾಮಾಪುರವಾಗಲಿ, ಕೌದಳ್ಳಿಯಾಗಲಿ, ಲೊಕ್ಕನಹಳ್ಳಿಯಾಗಲಿ, ಮಾರ್ಟಳ್ಳಿಯಾಗಲಿ, ಒಂದು ಪದ ಎಲ್ಲರ ಬಾಯಲ್ಲೂ ಇದೆ. ಮನೆಯಲ್ಲಿ ಕನ್ನಡ ಆಡುವವರು, ತಮಿಳು ಆಡುವವರು, ಕಾಡಂಚಿನ ಸೋಲಿಗರು ಎಲ್ಲರೂ ಅದನ್ನು ಒಂದೇ ಹೆಸರಿನಿಂದ ಕರೆಯುತ್ತಾರೆ: ಅಂಗನವಾಡಿ. ನಮ್ಮ ಕರಾವಳಿಯಲ್ಲೂ ಅದೇ ಹೆಸರು. ಪುಟ್ಟ ಮಕ್ಕಳು ಆಡುವ, ಹಾಡುವ, ಉಣ್ಣುವ, ಮೊದಲ ಅಕ್ಷರಕ್ಕೂ ಮೊದಲು ಮೊದಲ ಗೆಳೆತನ ಕಲಿಯುವ ಜಾಗ ಅದು.

ಈ ಪದವನ್ನು ನಾವು ಸರ್ಕಾರದ ಪದವೆಂದೇ ತಿಳಿದಿದ್ದೇವೆ. ಆದರೆ ಅದರ ಬೇರು ಇರುವುದು ಸರ್ಕಾರಿ ಕಡತದಲ್ಲಲ್ಲ. ಅರಬ್ಬಿ ಸಮುದ್ರದ ದಡದಲ್ಲಿರುವ ಬೋರ್ಡಿ ಎಂಬ ಮಹಾರಾಷ್ಟ್ರದ ಹಳ್ಳಿಯಲ್ಲಿ, ಬಡವರ ಕೇರಿಯ ಅಂಗಳದಲ್ಲಿ. ಆ ಅಂಗಳಕ್ಕೆ ಶಾಲೆಯನ್ನು ಹೊತ್ತು ತಂದವರು ತಾರಾಬಾಯಿ ಮೋಡಕ್. ಅಂಗನವಾಡಿಗಳಿಗೆ ಊರಿನ ಜನ ಏನು ಕೊಡಬೇಕು, ಸರ್ಕಾರ ಏನು ಕೊಡಬೇಕು ಎಂಬ ಚರ್ಚೆ ಇಂದಿಗೂ ಮುಗಿದಿಲ್ಲ. ಆದ್ದರಿಂದ ಈ ತಾಯಿಯ ಬದುಕನ್ನು ಒಮ್ಮೆ ನೆನೆಯುವುದು ಒಳ್ಳೆಯದೆಂದು ನಮಗೆ ತೋರಿತು.

ಮುಂಬಯಿಯ ಮಗಳು

ತಾರಾಬಾಯಿ ಹುಟ್ಟಿದ್ದು 1892ರ ಏಪ್ರಿಲ್ 19ರಂದು, ಮುಂಬಯಿಯಲ್ಲಿ. ತಂದೆ ಸದಾಶಿವ ಪಾಂಡುರಂಗ ಕೇಳ್ಕರ್ ಅವರು ಪ್ರಾರ್ಥನಾ ಸಮಾಜದ ಮುಂದಾಳುಗಳಲ್ಲಿ ಒಬ್ಬರು. ಹೆಣ್ಣುಮಕ್ಕಳಿಗೂ ಓದು ಬೇಕು ಎಂದು ನಂಬಿದ ಮನೆ ಅದು. ಹುಡುಗಿಯರು ಶಾಲೆಯ ಮೆಟ್ಟಿಲು ಹತ್ತುವುದೇ ಅಪರೂಪವಾಗಿದ್ದ ಆ ಕಾಲದಲ್ಲಿ ತಾರಾಬಾಯಿ 1914ರಲ್ಲಿ ಮುಂಬಯಿ ವಿಶ್ವವಿದ್ಯಾಲಯದಿಂದ ಪದವಿ ಪಡೆದರು.

ಅಮರಾವತಿಯ ವಕೀಲ ಮೋಡಕ್ ಅವರೊಂದಿಗೆ ಮದುವೆಯಾಯಿತು. ಪ್ರಭಾ ಎಂಬ ಮಗಳು ಹುಟ್ಟಿದಳು. ಆದರೆ ದಾಂಪತ್ಯ ಉಳಿಯಲಿಲ್ಲ, 1921ರಲ್ಲಿ ಅವರು ಪತಿಯಿಂದ ಬೇರೆಯಾದರು. ನೂರು ವರ್ಷಗಳ ಹಿಂದೆ, ಕೈಯಲ್ಲಿ ಪುಟ್ಟ ಮಗಳನ್ನು ಹಿಡಿದುಕೊಂಡು ಒಂಟಿಯಾಗಿ ನಿಂತ ಹೆಣ್ಣನ್ನು ಸಮಾಜ ಹೇಗೆ ನೋಡುತ್ತಿತ್ತು ಎಂಬುದನ್ನು ನಾವು ಬಿಡಿಸಿ ಹೇಳಬೇಕಾಗಿಲ್ಲ. ತಾರಾಬಾಯಿ ಕುಗ್ಗಲಿಲ್ಲ. ರಾಜ್‌ಕೋಟ್‌ನಲ್ಲಿ ಶಿಕ್ಷಕಿಯರನ್ನು ತರಬೇತುಗೊಳಿಸುವ ಬಾರ್ಟನ್ ಮಹಿಳಾ ಕಾಲೇಜಿನ ಪ್ರಾಂಶುಪಾಲರಾದರು.

ಮೀಸೆಯ ತಾಯಿಯ ಜೊತೆಗೆ

ರಾಜ್‌ಕೋಟ್‌ನಲ್ಲಿದ್ದಾಗ ಅವರ ಮನಸ್ಸನ್ನು ಕಾಡಿದ್ದು ತಮ್ಮ ಮಗಳ ಓದು. ಬೆತ್ತ ಮತ್ತು ಬಾಯಿಪಾಠಗಳ ಶಾಲೆ ಅವರಿಗೆ ಬೇಡವಾಗಿತ್ತು. ಹತ್ತಿರದ ಭಾವನಗರದಲ್ಲಿ ದಕ್ಷಿಣಾಮೂರ್ತಿ ಸಂಸ್ಥೆಯ ಬಾಲಮಂದಿರವನ್ನು ಗಿಜುಭಾಯಿ ಬಧೇಕಾ ನಡೆಸುತ್ತಿದ್ದರು. ಇವರು ವಕೀಲಿಕೆ ಬಿಟ್ಟು ಮಕ್ಕಳ ಶಿಕ್ಷಣಕ್ಕೆ ಬಂದವರು. ಗುಜರಾತಿನ ಜನ ಪ್ರೀತಿಯಿಂದ ಅವರನ್ನು ಮೀಸೆಯಿರುವ ತಾಯಿ ಎಂದು ಕರೆಯುತ್ತಿದ್ದರು. ಇಟಲಿಯ ವೈದ್ಯೆ ಮರಿಯ ಮಾಂಟೆಸ್ಸರಿ ಅವರ ಬರಹಗಳಿಂದ ಗಿಜುಭಾಯಿ ಪ್ರೇರಣೆ ಪಡೆದಿದ್ದರು. ಮಗು ಕೈಯಿಂದ ಮುಟ್ಟಿ, ಮಾಡಿ, ತನ್ನಷ್ಟಕ್ಕೆ ಕಲಿಯುತ್ತದೆ, ದೊಡ್ಡವರು ಅದಕ್ಕೆ ತಕ್ಕ ವಾತಾವರಣ ಕೊಟ್ಟು ಪಕ್ಕಕ್ಕೆ ನಿಲ್ಲಬೇಕು ಎಂಬುದು ಆ ಪದ್ಧತಿಯ ತಿರುಳು.

ತಾರಾಬಾಯಿ 1923ರಲ್ಲಿ ಭಾವನಗರಕ್ಕೆ ಬಂದರು. ಪ್ರಾಂಶುಪಾಲರ ಹುದ್ದೆಯನ್ನು ಬಿಟ್ಟು ಪುಟ್ಟ ಮಕ್ಕಳ ಜೊತೆ ನೆಲದ ಮೇಲೆ ಕುಳಿತರು. 1926ರಲ್ಲಿ ಇಬ್ಬರೂ ಸೇರಿ ನೂತನ ಬಾಲ ಶಿಕ್ಷಣ ಸಂಘವನ್ನು ಕಟ್ಟಿದರು. ಶಿಕ್ಷಕರಿಗೆ ತರಬೇತಿ, ಪತ್ರಿಕೆ, ಮಕ್ಕಳ ಪುಸ್ತಕ ಹೀಗೆ ಕೆಲಸ ಬೆಳೆಯಿತು. 1936ರಲ್ಲಿ ತಾರಾಬಾಯಿ ಮುಂಬಯಿಗೆ ಮರಳಿ ದಾದರ್‌ನಲ್ಲಿ ಶಿಶುವಿಹಾರವನ್ನು ಆರಂಭಿಸಿದರು. ಗಿಜುಭಾಯಿ 1939ರಲ್ಲಿ ತೀರಿಕೊಂಡರು. ಅದೇ ವರ್ಷ ಮಾಂಟೆಸ್ಸರಿ ಮದರಾಸಿನ ಅಡ್ಯಾರಿಗೆ ಬಂದರು, ಯುದ್ಧದಿಂದಾಗಿ 1946ರವರೆಗೆ ಭಾರತದಲ್ಲೇ ಉಳಿಯಬೇಕಾಯಿತು. ಹನೂರು, ಕೊಳ್ಳೇಗಾಲದ ಪ್ರದೇಶ ಆಗ ಮದರಾಸು ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಪ್ರಾಂತ್ಯದ ರಾಜಧಾನಿಯಲ್ಲಿ ಜಗತ್ತಿನ ಹೆಸರಾಂತ ಶಿಕ್ಷಕಿ ಪಾಠ ಹೇಳುತ್ತಿದ್ದರೂ, ಮಾದಪ್ಪನ ಬೆಟ್ಟದ ಮಗುವಿಗೆ ಅದರ ಗಾಳಿಯೂ ಸೋಕುವಂತಿರಲಿಲ್ಲ.

ಇದೇ ಕೊರತೆ ತಾರಾಬಾಯಿಯವರನ್ನೂ ಚುಚ್ಚಿತು. ದಾದರ್‌ನ ಶಿಶುವಿಹಾರ ಚೆನ್ನಾಗಿ ನಡೆಯುತ್ತಿತ್ತು. ಆದರೆ ಅಲ್ಲಿಗೆ ಬರುತ್ತಿದ್ದವರು ಪಟ್ಟಣದ, ಓದಿದವರ ಮನೆಯ ಮಕ್ಕಳು. ವಿದೇಶಿ ಮಾದರಿಯ ಮರದ ಸಾಮಗ್ರಿಗಳಿಗೆ ತುಂಬಾ ಬೆಲೆ. 1931ರಲ್ಲಿ ಲಂಡನ್ನಿನಲ್ಲಿ ಮಾಂಟೆಸ್ಸರಿಯವರ ಕಾಲೇಜಿಗೆ ಭೇಟಿ ಕೊಟ್ಟಾಗ ಗಾಂಧೀಜಿ ಈ ಶಿಕ್ಷಣ ಬಡಮಕ್ಕಳಿಗೂ ಸಿಗಲಿ ಎಂಬ ಆಸೆಯನ್ನು ತೋಡಿಕೊಂಡಿದ್ದರು. ಆ ಆಸೆಗೆ ಕೈಕಾಲು ಕೊಡುವವರು ಯಾರು ಎಂಬ ಪ್ರಶ್ನೆ ಉಳಿದಿತ್ತು.

ಬೋರ್ಡಿಯ ಅಂಗಳ

1945ರಲ್ಲಿ, ತಮ್ಮ 53ನೇ ವಯಸ್ಸಿನಲ್ಲಿ, ಹೆಚ್ಚಿನವರು ವಿಶ್ರಾಂತಿಯ ಲೆಕ್ಕ ಹಾಕುವ ಹೊತ್ತಿಗೆ, ತಾರಾಬಾಯಿ ಮುಂಬಯಿ ಬಿಟ್ಟು ಬೋರ್ಡಿಗೆ ಹೊರಟರು. ಜೊತೆಗೆ ಬಂದವರು ಅನುತಾಯಿ ವಾಘ್. ಬಾಲ್ಯದಲ್ಲೇ ಮದುವೆಯಾಗಿ ವಿಧವೆಯಾದ, ಆದರೂ ಹಟ ಹಿಡಿದು ಓದಿ ಶಿಕ್ಷಕಿಯಾದ ಹೆಣ್ಣುಮಗಳು. 1992ರಲ್ಲಿ ತೀರಿಕೊಳ್ಳುವವರೆಗೂ ಅವರು ಈ ಕೆಲಸವನ್ನು ಬಿಡಲಿಲ್ಲ.

ಬೋರ್ಡಿಯಲ್ಲಿ ಮೊದಲು ಊರ ನಡುವೆ ಒಂದು ಬಾಲವಾಡಿ ತೆರೆದರು. ಅಲ್ಲಿಗೆ ಮೇಲ್ಜಾತಿಯ ಮಕ್ಕಳು ಬಂದರೇ ಹೊರತು, ಯಾರಿಗಾಗಿ ಅವರು ಬಂದಿದ್ದರೋ ಆ ಮಕ್ಕಳು ಬರಲಿಲ್ಲ. ದಲಿತರ ಕೇರಿಯಿಂದ, ಆದಿವಾಸಿಗಳ ಹಾಡಿಯಿಂದ ಬಾಲವಾಡಿಗೆ ದೂರ ಕೆಲವೇ ಹೆಜ್ಜೆ. ಆದರೆ ಆ ಹೆಜ್ಜೆಗಳ ನಡುವೆ ಜಾತಿಯಿತ್ತು, ಹೆದರಿಕೆಯಿತ್ತು, ಹಸಿವಿತ್ತು. ಅಪ್ಪ ಅಮ್ಮ ಕೂಲಿಗೆ ಹೋದರೆ ಐದು ವರ್ಷದ ಮಗುವೇ ಎರಡು ವರ್ಷದ ತಮ್ಮನನ್ನು ಸೊಂಟಕ್ಕೇರಿಸಿಕೊಂಡು ಕಾಯಬೇಕು.

ಇಂತಹ ಹೊತ್ತಿನಲ್ಲಿ ಜನರಿಗೆ ತಿಳಿವಳಿಕೆಯಿಲ್ಲ ಎಂದು ದೂರುವುದು ಸುಲಭ. ತಾರಾಬಾಯಿ ಹಾಗೆ ಮಾಡಲಿಲ್ಲ. ಮಗು ಶಾಲೆಗೆ ಬಾರದಿದ್ದರೆ ಶಾಲೆಯೇ ಮಗುವಿನ ಬಳಿಗೆ ಹೋಗಲಿ ಎಂದು ತೀರ್ಮಾನಿಸಿದರು. ಶಿಕ್ಷಕಿಯರು ಕೇರಿಗೆ ನಡೆದರು. ಮಕ್ಕಳ ಮೈ ತೊಳೆದು, ತಲೆ ಬಾಚಿ, ಅವರವರ ಮನೆಯ ಅಂಗಳದಲ್ಲೇ ಹಾಡು, ಕತೆ, ಆಟ ಶುರುಮಾಡಿದರು. ಬೆಲೆಬಾಳುವ ಸಾಮಗ್ರಿಗಳ ಬದಲು ಕಡಲ ಚಿಪ್ಪು, ಬೆಣಚುಕಲ್ಲು, ಬೀಜ, ಎಲೆ, ಕಡ್ಡಿಗಳಿಂದ ಎಣಿಕೆ, ಬಣ್ಣ, ಆಕಾರಗಳನ್ನು ಕಲಿಸಿದರು. ಅಂಗಳದಲ್ಲಿ ನಡೆದ ಈ ಬಾಲವಾಡಿಯೇ ಅಂಗನ ಬಾಲವಾಡಿ. ನಮ್ಮ ಅಂಗನವಾಡಿಯ ಹೆಸರಿಗೆ ಮೂಲ ಇದೇ.

ಇಲ್ಲಿ ನಾವು ಗಮನಿಸಬೇಕಾದ ಒಂದು ಮಾತಿದೆ. ಅಂಗಳ ಶಿಕ್ಷಕಿಯದಲ್ಲ, ಸಂಸ್ಥೆಯದಲ್ಲ. ಅದು ಆ ಬಡ ಮನೆಯವರದು. ಅವರು ಅಂಗಳ ಬಿಟ್ಟುಕೊಟ್ಟರೆ ಮಾತ್ರ ಶಾಲೆ ನಡೆಯಬೇಕು. ಅಂಗನವಾಡಿಗೆ ಸಮುದಾಯದ ಬೆಂಬಲ ಎಂದು ಇಂದು ನಾವು ಹೇಳುವುದು ಆಮೇಲೆ ಸೇರಿಸಿದ ಸೇವೆಯಲ್ಲ, ಅದರ ಮೊದಲ ಅಡಿಗಲ್ಲೇ ಅದು.

ಕಡಲಿಂದ ಬೆಟ್ಟಕ್ಕೆ

1957ರಲ್ಲಿ ತಾರಾಬಾಯಿ ತಮ್ಮ ಕೆಲಸವನ್ನು ಕಡಲ ದಡದಿಂದ ಕೋಸಬಾಡ್ ಬೆಟ್ಟಕ್ಕೆ ಒಯ್ದರು. ಅದು ವಾರ್ಲಿ ಆದಿವಾಸಿಗಳ ನಾಡು. ಅಲ್ಲಿ ಒಂದೇ ಸೂರಿನಡಿ ಮೂರನ್ನು ಜೋಡಿಸಿದರು: ಎಳೆಯ ಕೂಸುಗಳಿಗೆ ತೊಟ್ಟಿಲಮನೆ, ಪುಟ್ಟ ಮಕ್ಕಳಿಗೆ ಬಾಲವಾಡಿ, ದೊಡ್ಡವರಿಗೆ ಪ್ರಾಥಮಿಕ ಶಾಲೆ. ತಮ್ಮನನ್ನು ತೊಟ್ಟಿಲಿಗೆ ಹಾಕಿ ಅಕ್ಕ ತರಗತಿಗೆ ಹೋಗಬಹುದು. ದನ ಮೇಯಿಸಲು ಹೋಗುವ ಮಕ್ಕಳಿಗಾಗಿ ಶಿಕ್ಷಕರು ಹುಲ್ಲುಗಾವಲಿಗೇ ಹೋದರು. ಅದಕ್ಕೆ ಹುಲ್ಲುಗಾವಲು ಶಾಲೆ ಎಂದೇ ಹೆಸರಾಯಿತು.

ತಾರಾಬಾಯಿ ಸರ್ಕಾರದಿಂದ ದೂರ ನಿಂತವರಲ್ಲ. 1946ರಿಂದ 1951ರವರೆಗೆ ಮುಂಬಯಿ ವಿಧಾನಸಭೆಯ ಸದಸ್ಯೆಯಾಗಿದ್ದರು. ದಾನಿಗಳ ಹಣವನ್ನೇ ನಂಬಿದ ಕೆಲಸ ದಾನಿ ಇರುವಷ್ಟು ದಿನ ಮಾತ್ರ ನಡೆಯುತ್ತದೆ, ಒಂದು ಬೆಟ್ಟದಲ್ಲಿ ಸಾಧ್ಯವಾದದ್ದು ಸಾವಿರ ಬೆಟ್ಟಗಳಿಗೆ ತಲುಪಬೇಕಾದರೆ ಖಜಾನೆಯ ಕೈ ಬೇಕೇ ಬೇಕು. 1953ರಲ್ಲಿ ಸ್ಥಾಪನೆಯಾದ ಕೇಂದ್ರ ಸಮಾಜ ಕಲ್ಯಾಣ ಮಂಡಳಿ ದೇಶದಲ್ಲಿ ಸ್ವಯಂಸೇವಾ ಸಂಸ್ಥೆಗಳ ಬಾಲವಾಡಿಗಳಿಗೆ ಅನುದಾನ ಕೊಡತೊಡಗಿತು. 1962ರಲ್ಲಿ ಸರ್ಕಾರ ತಾರಾಬಾಯಿಯವರಿಗೆ ಪದ್ಮಭೂಷಣ ನೀಡಿ ಗೌರವಿಸಿತು. 1973ರ ಆಗಸ್ಟ್ 31ರಂದು ಅವರು ತೀರಿಕೊಂಡರು.

ಎರಡು ವರ್ಷಗಳ ನಂತರ, 1975ರ ಅಕ್ಟೋಬರ್ 2ರಂದು, ಸಮಗ್ರ ಶಿಶು ಅಭಿವೃದ್ಧಿ ಯೋಜನೆ ದೇಶದ 33 ಕಡೆ ಆರಂಭವಾಯಿತು. ಪೂರಕ ಆಹಾರ, ಚುಚ್ಚುಮದ್ದು, ಆರೋಗ್ಯ ತಪಾಸಣೆ, ಶಾಲಾಪೂರ್ವ ಶಿಕ್ಷಣ ಎಲ್ಲವೂ ಒಂದೇ ಕೇಂದ್ರದಲ್ಲಿ. ಆ ಕೇಂದ್ರಕ್ಕೆ ಸಿಕ್ಕಿದ ಹೆಸರು ಅಂಗನವಾಡಿ. ಕರ್ನಾಟಕದಲ್ಲಿ ಇದಕ್ಕೆ ಆಯ್ಕೆಯಾದದ್ದು ಮೈಸೂರು ಜಿಲ್ಲೆಯ ಟಿ.ನರಸೀಪುರ, ಕೊಳ್ಳೇಗಾಲದ ನೆರೆಯ ತಾಲ್ಲೂಕು. ಅಲ್ಲಿಂದ ಹೊರಟದ್ದು ಇಂದು ರಾಜ್ಯದಲ್ಲಿ 65 ಸಾವಿರಕ್ಕೂ ಹೆಚ್ಚು ಕೇಂದ್ರಗಳಾಗಿ ಬೆಳೆದಿದೆ.

ಹನೂರಿನ ಲೆಕ್ಕಕ್ಕೆ ಸಿಗದ ಮಗು

ನೆರೆಯಲ್ಲೇ ಹುಟ್ಟಿದ ಯೋಜನೆ ಹನೂರಿನ ಬೆಟ್ಟಗಳ ಪ್ರತಿ ಮಗುವಿಗೂ ಸುಲಭವಾಗಿ ತಲುಪಿತೇ? 2018ರಲ್ಲಿ ಕೊಳ್ಳೇಗಾಲದಿಂದ ಬೇರೆಯಾಗಿ ತಾಲ್ಲೂಕಾದ ಹನೂರಿನಲ್ಲಿ ಕಾಡೇ ಹೆಚ್ಚು. ಇಂಡಿಗನತ್ತ, ಮೆಂದಾರೆ, ತುಳಸಿಕೆರೆಯಂತಹ ಊರುಗಳು ಕಾಡಿನೊಳಗಿವೆ. ಸೋಲಿಗರ ಪೋಡುಗಳು ಅಲ್ಲಲ್ಲಿ ಚದುರಿವೆ. ಆನೆ ನಡೆದಾಡುವ ಹಾದಿಯಲ್ಲಿ ಮೂರು ವರ್ಷದ ಮಗುವನ್ನು ಪಕ್ಕದ ಊರಿನ ಕೇಂದ್ರಕ್ಕೆ ದಿನವೂ ಯಾರು ಕರೆದೊಯ್ಯುತ್ತಾರೆ?

ಸರ್ಕಾರದ ನಿಯಮಕ್ಕೆ ಒಂದು ಲೆಕ್ಕವಿದೆ. ಬುಡಕಟ್ಟು ಮತ್ತು ಗುಡ್ಡಗಾಡು ಪ್ರದೇಶದಲ್ಲಿ 300 ಜನಸಂಖ್ಯೆಗೆ ಒಂದು ಅಂಗನವಾಡಿ, 150 ಜನರಿದ್ದರೆ ಒಂದು ಮಿನಿ ಅಂಗನವಾಡಿ. ಆರು ವರ್ಷದೊಳಗಿನ 40 ಮಕ್ಕಳಿರುವ ಜನವಸತಿಯವರು ಕೇಳಿದರೆ ಮೂರು ತಿಂಗಳೊಳಗೆ ಕೇಂದ್ರ ಕೊಡಬೇಕೆಂದು ಸುಪ್ರೀಂ ಕೋರ್ಟ್ 2006ರಲ್ಲಿ ಆದೇಶಿಸಿದೆ. ಇದು ದೊಡ್ಡ ಹಕ್ಕು. ಆದರೆ ಇಪ್ಪತ್ತು ಮನೆಗಳ ಪೋಡು ಈ ಎರಡು ಲೆಕ್ಕಕ್ಕೂ ಸಿಗುವುದಿಲ್ಲ. ಬೋರ್ಡಿಯಲ್ಲಿ ಕೆಲವೇ ಹೆಜ್ಜೆಗಳಿದ್ದ ದೂರ ಇಲ್ಲಿ ಕಿಲೋಮೀಟರುಗಳಾಗಿದೆ. ತಾರಾಬಾಯಿ ಎದುರಿಸಿದ ಪ್ರಶ್ನೆ ಇಂತಹ ಕಡೆ ಹಾಗೆಯೇ ನಿಂತಿದೆ: ಮಗು ಕೇಂದ್ರಕ್ಕೆ ಬರಬೇಕೇ, ಕೇಂದ್ರ ಮಗುವಿನ ಬಳಿಗೆ ಹೋಗಬೇಕೇ?

ಮಿನಿ ಕೇಂದ್ರಗಳಲ್ಲಿ ಸಹಾಯಕಿಯಿಲ್ಲದೆ ಒಬ್ಬ ಕಾರ್ಯಕರ್ತೆಯೇ ಅಡುಗೆ, ಪಾಠ, ತೂಕ, ದಾಖಲೆ ಎಲ್ಲವನ್ನೂ ನೋಡಬೇಕಾಗಿತ್ತು. ಅವುಗಳನ್ನು ಪೂರ್ಣ ಕೇಂದ್ರಗಳಾಗಿ ಮೇಲ್ದರ್ಜೆಗೇರಿಸಲು ಕೇಂದ್ರ ಸರ್ಕಾರ 2023ರಲ್ಲಿ ಮುಂದಾಯಿತು. ಆದರೆ ಕಾರ್ಯಕರ್ತೆಗೆ ಇಂದಿಗೂ ಸಿಗುವುದು ಸಂಬಳವಲ್ಲ, ಗೌರವಧನ. ಅಂಗನವಾಡಿ ಕಾರ್ಯಕರ್ತೆಯರಿಗೂ ಸಹಾಯಕಿಯರಿಗೂ ಗ್ರ್ಯಾಚುಟಿಯ ಹಕ್ಕಿದೆ ಎಂದು 2022ರಲ್ಲಿ ಸುಪ್ರೀಂ ಕೋರ್ಟ್ ಹೇಳಬೇಕಾಯಿತು. ಊರಿನ ಎಲ್ಲ ಮಕ್ಕಳನ್ನು ಕಾಯುವ ತಾಯಿಯ ಮುಪ್ಪನ್ನು ಕಾಯುವವರು ಯಾರು ಎಂಬುದನ್ನು ನ್ಯಾಯಾಲಯಕ್ಕೆ ಹೋಗಿ ಕೇಳುವಂತಾಗಬಾರದಿತ್ತು.

ನಮ್ಮ ಅಂಗಳ ಎಲ್ಲಿದೆ?

ಹಿಂದೆ ನಮ್ಮ ಅನೇಕ ಧರ್ಮಕೇಂದ್ರಗಳಲ್ಲಿ ಬಾಲವಾಡಿಗಳಿದ್ದವು. ಧರ್ಮಭಗಿನಿಯರು ಮಕ್ಕಳ ಮೂಗು ಒರೆಸಿ, ಹಾಲು ಕುಡಿಸಿ, ಹಾಡು ಕಲಿಸುತ್ತಿದ್ದರು. ಸರ್ಕಾರದ ಅಂಗನವಾಡಿ ಬಂದ ಮೇಲೆ ಅದು ಸರ್ಕಾರದ ಕೆಲಸ ಎಂದು ನಾವು ಕೈತೊಳೆದುಕೊಂಡೆವು. ಕೆಲವು ಕಡೆ ಅದೇ ಕೋಣೆಗಳಲ್ಲಿ ಶುಲ್ಕ ಪಡೆಯುವ ಎಲ್‌ಕೆಜಿ, ಯುಕೆಜಿ ತೆರೆದೆವು. ಅನುಕೂಲವಿದ್ದವರ ಮಕ್ಕಳು ಅತ್ತ ಹೋದರು, ಅಂಗನವಾಡಿ ಬಡವರ ಮಕ್ಕಳ ಜಾಗವಾಯಿತು. ಇದನ್ನು ಬರೆಯುವಾಗ ನಮ್ಮ ಬೆರಳು ನಮ್ಮ ಕಡೆಗೇ ತಿರುಗಿದೆ. ದಾದರ್‌ನಿಂದ ಬೋರ್ಡಿಗೆ ತಾರಾಬಾಯಿ ನಡೆದ ದಾರಿಯಲ್ಲಿ ನಾವು ಹಿಮ್ಮುಖವಾಗಿ ನಡೆದೆವೇನೋ ಎಂಬ ಅಳುಕು ನಮಗಿದೆ.

ಹಾಗೆಂದು ಸರ್ಕಾರದ ಕೆಲಸವನ್ನು ನಾವೇ ಮಾಡಬೇಕೆಂದಲ್ಲ. ಆಹಾರ, ಗೌರವಧನ, ಕಟ್ಟಡ, ತರಬೇತಿ ಸರ್ಕಾರದ ಹೊಣೆ. ಅದನ್ನು ದಾನದಿಂದ ತುಂಬಿಸಲು ಹೊರಟರೆ ಸರ್ಕಾರಕ್ಕೆ ನುಣುಚಿಕೊಳ್ಳಲು ದಾರಿ ಮಾಡಿಕೊಟ್ಟಂತೆ. ನಾವು ಮಾಡಬಹುದಾದದ್ದು ಬೇರೆಯೇ ಇದೆ. ಬಾಡಿಗೆ ಕೋಣೆಯಲ್ಲಿ ಉಸಿರುಗಟ್ಟುತ್ತಿರುವ ಕೇಂದ್ರಕ್ಕೆ, ವಾರವಿಡೀ ಬೀಗ ಹಾಕಿರುವ ನಮ್ಮ ಸಭಾಭವನದ ಒಂದು ಕೋಣೆಯನ್ನು, ಯಾವ ಜಾತಿ ಮತದ ಮಗುವಿಗೂ ತೆರೆದಿರುವ ಷರತ್ತಿನ ಮೇಲೆ ಬಿಟ್ಟುಕೊಡಬಹುದು. ಪ್ರತಿ ಅಂಗನವಾಡಿಗೂ ಬಾಲವಿಕಾಸ ಸಮಿತಿ ಇದೆ, ಅದರ ಸಭೆಗೆ ನಮ್ಮ ತಾಯಂದಿರು ಹೋಗಬಹುದು. ಬೆಟ್ಟದ ಊರುಗಳಲ್ಲಿ ಸೇವೆ ಮಾಡುವವರು ಆರು ವರ್ಷದೊಳಗಿನ ಮಕ್ಕಳನ್ನು ಪೋಡು ಪೋಡಾಗಿ ಎಣಿಸಿ, ಆ ಪಟ್ಟಿಯೊಂದಿಗೆ ಗ್ರಾಮ ಪಂಚಾಯಿತಿಗೂ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳಿಗೂ ಮನವಿ ಕೊಡಬಹುದು. ಎಣಿಕೆಗೆ ಬಾರದ ಮಗುವಿಗೆ ಅನುದಾನ ಬರುವುದಿಲ್ಲ.

ತಾರಾಬಾಯಿ ದೊಡ್ಡ ಕಟ್ಟಡ ಕಟ್ಟಿ ಮಕ್ಕಳಿಗಾಗಿ ಕಾಯಲಿಲ್ಲ. ಮಗು ಇರುವಲ್ಲಿಗೆ ಹೋದರು, ಆ ಮನೆಯವರಿಂದ ಅಂಗಳ ಕೇಳಿದರು, ಆಮೇಲೆ ಅದನ್ನು ಉಳಿಸುವ ಹೊಣೆಯನ್ನು ದೇಶದ ಮುಂದಿಟ್ಟರು. ಅಂಗಳ ಜನರದು, ಅನ್ನ ಸರ್ಕಾರದ್ದು. ಎರಡರಲ್ಲಿ ಒಂದು ಕುಂಟಿದರೂ ನಷ್ಟವಾಗುವುದು ಇನ್ನೂ ಮಾತು ಬಾರದ ಮಗುವಿಗೆ. ಮುಂದಿನ ಬಾರಿ ನಮ್ಮ ಇಗರ್ಜಿಯ ದಾರಿಯಲ್ಲಿ ಸಿಗುವ ಅಂಗನವಾಡಿಯ ಬಾಗಿಲಲ್ಲಿ ಒಂದು ನಿಮಿಷ ನಿಂತು, ಇಲ್ಲಿ ಏನು ಕೊರತೆಯಿದೆ ಎಂದು ಆ ಕಾರ್ಯಕರ್ತೆಯನ್ನು ಕೇಳೋಣ.