ಎರಡು ಹೊಡೆತದ ಎಂಜಿನ್ ಕೊಟ್ಟ ಡುಗಲ್ಡ್ ಕ್ಲಾರ್ಕ್

ಮಕ್ಕಳೇ, ಸೈಕಲ್ಲಿನ ಪೆಡಲು ಎರಡು ಸುತ್ತು ತಿರುಗುವಷ್ಟರಲ್ಲಿ ನೀವು ಒಮ್ಮೆ ಮಾತ್ರ ತುಳಿಯಬೇಕು ಎಂದಿದ್ದರೆ ಹೇಗಿರುತ್ತದೆ? ಸೈಕಲ್ ಮುಗ್ಗರಿಸುತ್ತಾ ಸಾಗುತ್ತದೆ, ಅಲ್ಲವೇ?

ಜರ್ಮನಿಯ ನಿಕೋಲಸ್ ಒಟ್ಟೊ 1876ರಲ್ಲಿ ನಿರ್ಮಿಸಿದ ಅನಿಲ ಎಂಜಿನ್ನಿನ ಪಾಡೂ ಇದೇ ಆಗಿತ್ತು. ಅನಿಲ ಮತ್ತು ಗಾಳಿಯ ಮಿಶ್ರಣವನ್ನು ಒಳಗೆಳೆಯುವುದು, ಅದುಮುವುದು, ಸ್ಫೋಟಿಸುವುದು, ಉರಿದ ಅನಿಲವನ್ನು ಹೊರದೂಡುವುದು - ಹೀಗೆ ಪಿಸ್ಟನ್ನಿಗೆ ನಾಲ್ಕು ಹೊಡೆತ. ಚಕ್ರ ಎರಡು ಸುತ್ತು ತಿರುಗಿದರೆ ಬಲ ಸಿಗುತ್ತಿದ್ದುದು ಒಮ್ಮೆ ಮಾತ್ರ! ಉಳಿದ ಹೊತ್ತು ಭಾರವಾದ ಗಾಲಿಯೊಂದು ಎಂಜಿನ್ನನ್ನು ತಿರುಗಿಸಬೇಕಿತ್ತು.

ಪ್ರತಿ ಸುತ್ತಿನಲ್ಲೂ ಬಲ ದೊರೆಯುವಂತೆ ಮಾಡಬಹುದೇ? ಈ ಪ್ರಶ್ನೆಯ ಬೆನ್ನು ಹತ್ತಿದವನು ಡುಗಲ್ಡ್ ಕ್ಲಾರ್ಕ್. ಆತ ಜನಿಸಿದ್ದು 1854ರ ಮಾರ್ಚ್ 31ರಂದು, ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದಲ್ಲಿ. ಗ್ಲಾಸ್ಗೋ ಹಾಗೂ ಇಂಗ್ಲೆಂಡಿನ ಲೀಡ್ಸ್‌ನಲ್ಲಿ ಓದಿದ. ರಸಾಯನ ವಿಜ್ಞಾನ ಕಲಿತಿದ್ದರೂ ಅವನ ಮನಸ್ಸು ಎಂಜಿನ್ನುಗಳತ್ತ ಹೊರಳಿತು.

ಕ್ಲಾರ್ಕ್ ಎಂಜಿನ್ನಿಗೆ ಇನ್ನೊಂದು ಸಿಲಿಂಡರನ್ನು ಜೋಡಿಸಿದ. ಅದು ಪಂಪಿನಂತೆ ಹೊಸ ಮಿಶ್ರಣವನ್ನು ಮುಖ್ಯ ಸಿಲಿಂಡರಿಗೆ ನುಗ್ಗಿಸುತ್ತಿತ್ತು. ಸ್ಫೋಟದಿಂದ ಮುಂದೆ ಸರಿದ ಪಿಸ್ಟನ್, ಕೊನೆಯಲ್ಲಿ ಗೋಡೆಯ ರಂಧ್ರಗಳನ್ನು ತೆರೆಯುತ್ತಿತ್ತು. ಒಳಬಂದ ಹೊಸ ಮಿಶ್ರಣ ಹಳೆಯದನ್ನು ಅಲ್ಲಿಂದ ಹೊರದೂಡುತ್ತಿತ್ತು. ಪಿಸ್ಟನ್ ಮರಳುವಾಗ ಮಿಶ್ರಣವನ್ನು ಅದುಮುತ್ತಿತ್ತು, ಮತ್ತೆ ಸ್ಫೋಟ! ಎರಡೇ ಹೊಡೆತದಲ್ಲಿ ಕೆಲಸ ಮುಗಿಯಿತು. ಇದಕ್ಕೆ ಆತ 1881ರಲ್ಲಿ ಪೇಟೆಂಟ್ ಪಡೆದ.

ಮುಚ್ಚಿದ ಪಾತ್ರೆಯಲ್ಲಿ ಅನಿಲ ಮತ್ತು ಗಾಳಿಯನ್ನು ಬೇರೆ ಬೇರೆ ಪ್ರಮಾಣದಲ್ಲಿ ಬೆರೆಸಿ ಸ್ಫೋಟಿಸಿ, ಒತ್ತಡವನ್ನೂ ಕ್ಲಾರ್ಕ್ ಅಳೆದ. 1886ರಲ್ಲಿ ಅನಿಲ ಎಂಜಿನ್ ಕುರಿತು ಪುಸ್ತಕ ಬರೆದ.

ಆದರೆ ಬ್ರಿಟನ್ನಿನಲ್ಲಿ ಒಟ್ಟೊನ ಪೇಟೆಂಟ್ 1890ರಲ್ಲಿ ಮುಗಿಯಿತು. ಆಗ ಯಾರು ಬೇಕಾದರೂ ನಾಲ್ಕು ಹೊಡೆತದ ಎಂಜಿನ್ ತಯಾರಿಸಬಹುದಾಯಿತು. ಕ್ಲಾರ್ಕನ ಎಂಜಿನ್ ಹಿಂದೆ ಬಿತ್ತು. ಅವನ ವಿಚಾರ ಮಾತ್ರ ಉಳಿಯಿತು. ಜೋಸೆಫ್ ಡೇ ಎಂಬ ಎಂಜಿನಿಯರ್ ಪ್ರತ್ಯೇಕ ಪಂಪನ್ನು ತೆಗೆದುಹಾಕಿ ಅದನ್ನು ಇನ್ನಷ್ಟು ಸರಳಗೊಳಿಸಿದ.

1917ರಲ್ಲಿ ಕ್ಲಾರ್ಕನಿಗೆ ‘ಸರ್’ ಪದವಿ ದೊರೆಯಿತು. 1932ರಲ್ಲಿ ಆತ ನಿಧನನಾದ.

ನಮ್ಮ ಮೈಸೂರಿನಲ್ಲಿ 1961ರಿಂದ 1996ರವರೆಗೆ ತಯಾರಾದ ಜಾವಾ, ಯೆಜ್ಡಿ ಬೈಕುಗಳಲ್ಲಿದ್ದುದು ಎರಡು ಹೊಡೆತದ ಎಂಜಿನ್ನೇ. ಇಂಥ ಬೈಕುಗಳಲ್ಲಿ ಪೆಟ್ರೋಲಿನೊಂದಿಗೆ ಎಣ್ಣೆಯೂ ಉರಿಯುತ್ತದೆ. ಸ್ವಲ್ಪ ಇಂಧನ ಉರಿಯದೆಯೇ ಹೊರಹೋಗುತ್ತದೆ. ಹೊಗೆ ಹೆಚ್ಚಾದ್ದರಿಂದ ಅವು ರಸ್ತೆಯಿಂದ ಮರೆಯಾಗುತ್ತಾ ಬಂದವು. ಆದರೆ ದೈತ್ಯ ಸರಕು ಹಡಗುಗಳ ಡೀಸೆಲ್ ಎಂಜಿನ್ನುಗಳು ಇಂದಿಗೂ ಹೆಚ್ಚಾಗಿ ಎರಡು ಹೊಡೆತದವೇ. ಕ್ಲಾರ್ಕ್ ಬಯಸಿದಂತೆ, ಅಲ್ಲಿ ಪ್ರತಿ ಸುತ್ತಿನಲ್ಲೂ ಬಲ ದೊರೆಯುತ್ತದೆ.