ಶಾರ್ಕೋ: ಕಣ್ಣಾರೆ ಕಾಣಿಸಿದ ಪಾಠ

ಝಾನ್ ಮಾರ್ಟಿನ್ ಶಾರ್ಕೋ 1825ರ ನವೆಂಬರ್ 29ರಂದು ಪ್ಯಾರಿಸ್ ನಗರದಲ್ಲಿ ಜನಿಸಿದರು. ತಂದೆ ಕುದುರೆಗಾಡಿಗಳನ್ನು ತಯಾರಿಸುತ್ತಿದ್ದರು. ವೈದ್ಯಶಿಕ್ಷಣ ಮುಗಿಸಿದ ಶಾರ್ಕೋ 1862ರಲ್ಲಿ ಸಾಲ್ಪೆಟ್ರಿಯೇರ್ ಆಸ್ಪತ್ರೆಯ ವೈದ್ಯರಾದರು. ವೃದ್ಧೆಯರು, ಬಡವರು, ವಾಸಿಯಾಗದ ಕಾಯಿಲೆಯವರು ಹೀಗೆ ಸಾವಿರಾರು ಹೆಂಗಸರು ಅಲ್ಲಿದ್ದರು. ಶಾರ್ಕೋ ಅವರನ್ನು ವರ್ಷಗಟ್ಟಲೆ ಗಮನಿಸಿದರು. ತೀರಿಕೊಂಡವರ ಮಿದುಳು, ಬೆನ್ನುಹುರಿಗಳನ್ನು ಪರೀಕ್ಷಿಸಿ, ಹೊರಗೆ ಕಂಡ ಲಕ್ಷಣಕ್ಕೂ ಒಳಗಿನ ಹಾನಿಗೂ ಇರುವ ಸಂಬಂಧವನ್ನು ಹುಡುಕಿದರು.

ಹೀಗೆ 1868ರಲ್ಲಿ ಅವರು ಮಲ್ಟಿಪಲ್ ಸ್ಕ್ಲೆರೋಸಿಸ್ ರೋಗವನ್ನು ಪ್ರತ್ಯೇಕವಾಗಿ ಗುರುತಿಸಿ ವಿವರಿಸಿದರು. ಅದುವರೆಗೆ ಅದನ್ನು ಪಾರ್ಕಿನ್ಸನ್ ಕಾಯಿಲೆಯೊಂದಿಗೆ ಬೆರೆಸುವುದು ಸಾಮಾನ್ಯವಾಗಿತ್ತು. ಪಾರ್ಕಿನ್ಸನ್‌ನಲ್ಲಿ ಕೈ ಸುಮ್ಮನಿದ್ದಾಗ ನಡುಗುತ್ತದೆ. ಈ ರೋಗದಲ್ಲಿ ಲೋಟ ಹಿಡಿಯಲು ಹೋದಾಗ ನಡುಗುತ್ತದೆ. ನಡುಕದ ಬಗೆಯನ್ನು ತೋರಿಸಲು ಅವರು ರೋಗಿಗಳಿಗೆ ಉದ್ದ ಗರಿಗಳ ಟೋಪಿ ತೊಡಿಸುತ್ತಿದ್ದರು. ಗರಿ ಅಲ್ಲಾಡುವ ರೀತಿಯೇ ವ್ಯತ್ಯಾಸವನ್ನು ತಿಳಿಸುತ್ತಿತ್ತು. ಕಪ್ಪುಹಲಗೆಯ ಮೇಲೆ ಬಣ್ಣದ ಸೀಮೆಸುಣ್ಣದಿಂದ ಚಿತ್ರ ಬರೆದೂ ವಿವರಿಸುತ್ತಿದ್ದರು. ಫ್ರಾಯ್ಡ್ ಮತ್ತು ಬಾಬಿನ್‌ಸ್ಕಿ ಅವರ ಶಿಷ್ಯರು.

ಚಿಕಿತ್ಸೆಯಲ್ಲಿ ಮಾತ್ರ ಅವರಿಗೆ ಯಶಸ್ಸು ಸಿಗಲಿಲ್ಲ. ದೇಹದ ರೋಗನಿರೋಧಕ ವ್ಯವಸ್ಥೆಯೇ ನರತಂತುಗಳ ಮಯಲಿನ್ ಹೊದಿಕೆಯ ಮೇಲೆ ದಾಳಿ ಮಾಡಿ ಉರಿಯೂತ ಉಂಟುಮಾಡುತ್ತದೆ ಎಂಬ ತಿಳಿವಳಿಕೆ ಬಂದದ್ದು 20ನೆಯ ಶತಮಾನದಲ್ಲಿ. ಶಾರ್ಕೋ 1893ರಲ್ಲಿ ನಿಧನರಾದರು.

ಅವರು ಬದುಕಿದ್ದಾಗಲೇ, 1890ರಲ್ಲಿ, ಜರ್ಮನಿಯ ನೇತ್ರವೈದ್ಯ ಉಥಾಫ್ ಒಂದು ಸಂಗತಿಯನ್ನು ದಾಖಲಿಸಿದರು: ದೇಹ ದಣಿದಾಗ ಇಂಥ ಕೆಲವು ರೋಗಿಗಳ ದೃಷ್ಟಿ ಮಸುಕಾಗುತ್ತಿತ್ತು. ಮೈ ಬಿಸಿಯಾಗುವುದೇ ಇದಕ್ಕೆ ಕಾರಣವೆಂದೂ ಮೈ ತಣಿದ ಮೇಲೆ ದೃಷ್ಟಿ ಮರಳುತ್ತದೆಂದೂ ಮುಂದೆ ತಿಳಿಯಿತು. ಆದರೂ ವ್ಯಾಯಾಮ ಬೇಡ, ವಿಶ್ರಾಂತಿ ಪಡೆಯಿರಿ ಎಂಬ ಸಲಹೆ ದಶಕಗಳ ಕಾಲ ಉಳಿಯಿತು. ಇದರಿಂದ ರೋಗ ನಿಲ್ಲಲಿಲ್ಲ. ಬಳಕೆಯಿಲ್ಲದ ಸ್ನಾಯುಗಳು ಇನ್ನಷ್ಟು ಸೊರಗಿದವು.

1996ರಲ್ಲಿ ಅಮೆರಿಕದ ಯೂಟಾ ವಿಶ್ವವಿದ್ಯಾಲಯದವರು ಪ್ರಕಟಿಸಿದ ಅಧ್ಯಯನದಲ್ಲಿ ರೋಗಿಗಳು 15 ವಾರ, ವಾರಕ್ಕೆ 3 ದಿನ, 40 ನಿಮಿಷ ವ್ಯಾಯಾಮ ಮಾಡಿದರು. ಅವರ ಸ್ನಾಯುಬಲ, ದೇಹದ ಕ್ಷಮತೆ ಹೆಚ್ಚಿದವು. ಇದೇ ಬಗೆಯ ಉರಿಯೂತ ಉಂಟುಮಾಡಿದ ಇಲಿಗಳ ಮೇಲೆ ಮುಂದೆ ನಡೆದ ಹಲವು ಪ್ರಯೋಗಗಳಲ್ಲಿ, ನಿಯಮಿತ ಓಟದಿಂದ ರೋಗದ ತೀವ್ರತೆ ತಗ್ಗಿತು. ಮನುಷ್ಯರಲ್ಲಿ ವ್ಯಾಯಾಮವು ಉರಿಯೂತವನ್ನೇ ತಗ್ಗಿಸುತ್ತದೆಂದು ಇನ್ನೂ ದೃಢಪಟ್ಟಿಲ್ಲ. ಅದು ಔಷಧಿಗೆ ಬದಲಿಯೂ ಅಲ್ಲ. ಆದರೆ ದಣಿವು, ನಡಿಗೆ, ಮನಸ್ಸಿನ ಸ್ಥಿತಿಗಳಲ್ಲಿ ಸುಧಾರಣೆ ಕಂಡಿದೆ.

ನರಮಂಡಲದ ಪಾಠ ಮಾಡುವ ಪ್ರಶಿಕ್ಷಣಾರ್ಥಿಗಳು ಶಾರ್ಕೋ ಅವರಿಂದ ಪಾಠೋಪಕರಣದ ಸರಳತೆಯನ್ನು ಕಲಿಯಬಹುದು. ಉಥಾಫ್ ಕಂಡದ್ದು ನಿಜ. ಅದರಿಂದ ಇತರರು ತೆಗೆದ ತೀರ್ಮಾನ ತಪ್ಪು. ಕಾಯಿಲೆಯ ಮಗುವನ್ನು ಕನಿಕರದಿಂದ ಆಟದ ಅವಧಿಯಲ್ಲಿ ತರಗತಿಯಲ್ಲೇ ಕೂರಿಸುವ ಮುನ್ನ ನಾವು ಇದನ್ನು ನೆನೆಯಬೇಕು. ವೈದ್ಯರ ಸಲಹೆ ಕೇಳಿ, ಬಿಸಿಲಿಲ್ಲದ ಹೊತ್ತಿನಲ್ಲಿ, ನಡುನಡುವೆ ವಿಶ್ರಾಂತಿ ಕೊಟ್ಟು ಆ ಮಗುವನ್ನೂ ಆಡಿಸಲು ಸಾಧ್ಯವೇ ಎಂದು ಮೊದಲು ನೋಡೋಣ.