ಸರೋವರದ ದಡದಲ್ಲಿ ಬಿತ್ತಿದ ಬೀಜ

ಬಲಿಪೂಜೆಯಲ್ಲಿ ವಾಚನ ಮುಗಿದಾಗ ನಾವು ದೇವರಿಗೆ ವಂದನೆ ಸಲ್ಲಿಸುತ್ತೇವೆ. ಆ ವಾಕ್ಯವು ನಮಗೆ ತಿಳಿಯುವ ಭಾಷೆಯಲ್ಲಿ ನಮ್ಮ ಕಿವಿಗೆ ಬೀಳಲು ಯಾರು ದುಡಿದರು ಎಂದು ಯೋಚಿಸುವುದು ಅಪರೂಪ. ಅಂಥ ದುಡಿಮೆಗಾರರು ಎಲ್ಲ ಜನಾಂಗಗಳಲ್ಲೂ ಇದ್ದಾರೆ. ಆಫ್ರಿಕದ ಮಲಾವಿ ದೇಶದ ಚಿಚೆವಾ ಭಾಷೆಗೆ ಹೊಸ ಒಡಂಬಡಿಕೆಯನ್ನು ತಂದ ಡಾ. ರಾಬರ್ಟ್ ಲಾಸ್ ಅವರಲ್ಲೊಬ್ಬರು. ಅವರು ಕಥೋಲಿಕರಲ್ಲ, ಸ್ಕಾಟ್ಲೆಂಡಿನ ಪ್ರೊಟೆಸ್ಟೆಂಟ್ ಸಭೆಯವರು. ಆದರೂ ಅವರ ಬಾಳಿನಿಂದ ನಮ್ಮ ಕುಟುಂಬಗಳು ಕಲಿಯಬೇಕಾದ ಪಾಠವೊಂದಿದೆ.

ರಾಬರ್ಟ್ ಲಾಸ್ 1851ರಲ್ಲಿ ಸ್ಕಾಟ್ಲೆಂಡಿನ ಅಬರ್ಡೀನ್ ನಗರದಲ್ಲಿ ಹುಟ್ಟಿದರು. ತಂದೆ ಮರದ ಪೀಠೋಪಕರಣ ಮಾಡುವ ಬಡಗಿ. ರಾಬರ್ಟ್ ಇನ್ನೂ ಎಳೆಯ ಮಗುವಾಗಿದ್ದಾಗಲೇ ತಾಯಿ ತೀರಿಕೊಂಡರು. ಓದಿನ ಆಸೆಯಿದ್ದರೂ ಹುಡುಗ ತಂದೆಯ ಕಸುಬಿಗೇ ಸೇರಬೇಕಾಯಿತು. ಹಗಲು ಉಳಿ ಬಾಚಿ ಹಿಡಿದು ಕೆಲಸ, ಸಂಜೆ ಪಾಠ. ಹೀಗೆ ಕಷ್ಟಪಟ್ಟು ವಿಶ್ವವಿದ್ಯಾನಿಲಯ ಸೇರಿ, ವೈದ್ಯಶಾಸ್ತ್ರವನ್ನೂ ದೈವಶಾಸ್ತ್ರವನ್ನೂ ಕಲಿತು, ವೈದ್ಯರೂ ಬೋಧಕರೂ ಆದರು. ಆಫ್ರಿಕಕ್ಕೆ ಹೋಗಿ ಸೇವೆ ಮಾಡಬೇಕೆಂಬುದು ಬಾಲ್ಯದಿಂದಲೂ ಅವರ ಪ್ರಾರ್ಥನೆಯಾಗಿತ್ತು.

ಆಫ್ರಿಕದ ಒಳನಾಡುಗಳಲ್ಲಿ ಸಂಚರಿಸಿ, ಅಲ್ಲಿನ ಗುಲಾಮರ ವ್ಯಾಪಾರದ ಕ್ರೌರ್ಯವನ್ನು ಲೋಕಕ್ಕೆ ತಿಳಿಸಿದ ಡೇವಿಡ್ ಲಿವಿಂಗ್‌ಸ್ಟನ್ 1873ರಲ್ಲಿ ನಿಧನರಾದರು. ಅವರ ನೆನಪಿಗಾಗಿ ಸ್ಕಾಟ್ಲೆಂಡಿನ ಕ್ರೈಸ್ತರು ಒಂದು ಮಿಷನ್ ಆರಂಭಿಸಿದಾಗ ಲಾಸ್ ಅದರ ವೈದ್ಯರಾಗಿ ಹೊರಟರು. ಆಗ ಅವರಿಗೆ ಇಪ್ಪತ್ತನಾಲ್ಕು ವರ್ಷ. 'ಇಲಾಲಾ' ಎಂಬ ಪುಟ್ಟ ಉಗಿಹಡಗಿನಲ್ಲಿ ಪ್ರಯಾಣ. ಶೀರೆ ನದಿಯಲ್ಲಿ ಜಲಪಾತಗಳು ಅಡ್ಡ ಬಂದಲ್ಲಿ ಹಡಗನ್ನು ಬಿಚ್ಚಿ, ನೂರಾರು ಜನರು ಅದರ ಭಾಗಗಳನ್ನು ಹೊತ್ತು ಸಾಗಿಸಿದರು. ಮೇಲೆ ಮತ್ತೆ ಜೋಡಿಸಿದ ಆ ಹಡಗು 1875ರ ಅಕ್ಟೋಬರ್ 12ರಂದು ಮಲಾವಿ ಸರೋವರವನ್ನು ಪ್ರವೇಶಿಸಿತು.

ಸರೋವರದ ದಕ್ಷಿಣ ತುದಿಯಲ್ಲಿ, ಕೇಪ್ ಮೆಕ್ಲಿಯರ್ ಎಂಬಲ್ಲಿ ಅವರು ನೆಲೆ ನಿಂತರು. ಸ್ಥಳ ಸುಂದರ, ಆದರೆ ಜ್ವರದ ಬೀಡು. ಜೊತೆಗಾರರು ಒಬ್ಬೊಬ್ಬರಾಗಿ ಮಣ್ಣು ಸೇರಿದರು. ಅಲ್ಲಿ ಅವರ ಸಮಾಧಿಗಳು ಇಂದಿಗೂ ಇವೆ. 1879ರಲ್ಲಿ ಅಬರ್ಡೀನಿನಿಂದ ಬಂದ ಮಾರ್ಗರೆಟ್ ಗ್ರೇ ಲಾಸ್ ಅವರ ಪತ್ನಿಯಾದರು. ಆಕೆ ಶಿಕ್ಷಕಿ. ಶಾಲೆಯ ಕೆಲಸಕ್ಕೂ ಭಾಷೆಯ ಕೆಲಸಕ್ಕೂ ಗಂಡನಿಗೆ ಹೆಗಲು ಕೊಟ್ಟರು. ಐದು ವರ್ಷ ಕಾದ ಮೇಲೆ, 1881ರಲ್ಲಿ, ಆಲ್ಬರ್ಟ್ ನಮಲಾಂಬೆ ಎಂಬ ಯುವಕ ಅಲ್ಲಿ ಮೊದಲ ದೀಕ್ಷಾಸ್ನಾನ ಪಡೆದ. ಐದು ವರ್ಷಕ್ಕೆ ಒಬ್ಬನೇ ಒಬ್ಬ! ಲೋಕದ ಲೆಕ್ಕದಲ್ಲಿ ಅದು ನಷ್ಟದ ವ್ಯಾಪಾರ.

ಈ ನಡುವೆಯೇ ಲಾಸ್ ಅವರು ರೋಗಿಗಳ ಬಾಯಿಂದ, ಮಕ್ಕಳ ಆಟದಿಂದ ಮಾತುಗಳನ್ನು ಹೆಕ್ಕಿ ಹೆಕ್ಕಿ ಆ ಜನರ ಭಾಷೆಯನ್ನು ಕಲಿತರು. ಆಗ ಅದನ್ನು ಚಿನ್ಯಾಂಜ ಎನ್ನುತ್ತಿದ್ದರು. 'ನ್ಯಾಂಜ' ಎಂದರೆ ಸರೋವರ. ಮಲಾವಿಯಲ್ಲಿ 1968ರಲ್ಲಿ ಅದಕ್ಕೆ ಚಿಚೆವಾ ಎಂಬ ಹೆಸರು ಗಟ್ಟಿಯಾಯಿತು. ಕಲಿಯಲು ಸುಲಭದ ಭಾಷೆಯಲ್ಲ ಅದು. ಪದಗಳು ಮೊದಲಲ್ಲೇ ಬದಲಾಗುತ್ತವೆ: 'ಮುನ್ಥು' ಎಂದರೆ ಮನುಷ್ಯ, 'ಆನ್ಥು' ಎಂದರೆ ಮನುಷ್ಯರು. ದನಿಯ ಏರಿಳಿತದಿಂದಲೂ ಅರ್ಥ ಬೇರೆಯಾಗಬಹುದು.

ಅದಕ್ಕಿಂತಲೂ ಕಷ್ಟ, ವಿಶ್ವಾಸದ ಮಾತುಗಳನ್ನು ಹುಡುಕುವುದು. ಚಿಚೆವಾ ಬೈಬಲ್ಲಿನಲ್ಲಿ ದೇವರಿಗೆ 'ಮುಲುಂಗು' ಎಂಬ ಹೆಸರಿದೆ. ಅದು ಹೊರಗಿನಿಂದ ತಂದದ್ದಲ್ಲ, ಆ ಜನರು ಮೊದಲೇ ಅರಿತಿದ್ದ ಹೆಸರು. ಪವಿತ್ರಾತ್ಮರನ್ನು 'ಮ್ಜಿಮು ವೊಯೆರಾ' ಎನ್ನುತ್ತಾರೆ. 'ಮ್ಜಿಮು' ಎಂದರೆ ಅವರಲ್ಲಿ ಸತ್ತ ಹಿರಿಯರ ಆತ್ಮ. ಅದರ ಪಕ್ಕಕ್ಕೆ ಪರಿಶುದ್ಧವೆಂಬ ಪದ ಸೇರಿ ಹಳೆಯ ಮಾತಿಗೆ ಹೊಸ ಅರ್ಥ ಬಂದಿತು. ಸುವಾರ್ತೆಗೆ ಅವರ ಪದ 'ಉತೆಂಗಾ ವಾಬ್ವಿನೊ'. ಉತೆಂಗಾ ಎಂದರೆ ಸಂದೇಶ, ವಾಬ್ವಿನೊ ಎಂದರೆ ಒಳ್ಳೆಯದು. ನಾವು ಹೇಳುವ ಶುಭಸಂದೇಶವೇ ಅದು!

1881ರಲ್ಲಿ ಮಿಷನ್ ಕೇಂದ್ರವನ್ನು ಜ್ವರದ ಕಾರಣದಿಂದ ಉತ್ತರದ ಬಂಡಾವೆಗೆ ಸಾಗಿಸಬೇಕಾಯಿತು. ಅಲ್ಲಿನ ಜನರ ಮಾತು ಟೋಂಗಾ, ಬೆಟ್ಟದ ಮೇಲಿನ ಙೋನಿ ಜನರದು ಇನ್ನೊಂದು. ಲಾಸ್ ಕಲಿತ ಭಾಷೆಯವರು ದಕ್ಷಿಣದಲ್ಲೇ ಉಳಿದರು. ಅವರ ನಡುವೆ ಶಾಲೆಯನ್ನು ನಡೆಸುವ ಭಾರ ನಮಲಾಂಬೆಯ ಮೇಲೆ ಬಿತ್ತು. ಇನ್ನು ಆ ಅನುವಾದ ತಮಗೇಕೆ ಎಂದು ಲಾಸ್ ಕೈಬಿಡಬಹುದಿತ್ತು. ಬಿಡಲಿಲ್ಲ. ತಾವು ಬಿಟ್ಟುಬಂದ ಜನರಿಗಾಗಿ ಕೆಲಸ ಮುಗಿಸಿದರು. 1886ರಲ್ಲಿ ಚಿನ್ಯಾಂಜ ಭಾಷೆಯ ಹೊಸ ಒಡಂಬಡಿಕೆ ಸ್ಕಾಟ್ಲೆಂಡಿನಲ್ಲಿ ಅಚ್ಚಾಯಿತು.

ಆ ಪುಸ್ತಕ ಹೆಚ್ಚು ಕಾಲ ಬಾಳಲಿಲ್ಲ. ಸರೋವರದ ದಡದ ಮಾತಿಗೂ ಒಳನಾಡಿನ ಮಾತಿಗೂ ವ್ಯತ್ಯಾಸವಿತ್ತು. ಎಲ್ಲರೂ ಓದಬಲ್ಲ ಒಂದೇ ಅನುವಾದ ಬೇಕೆಂದು ಬೇರೆ ಬೇರೆ ಮಿಷನ್‌ಗಳು ಕೂಡಿ ದುಡಿದವು. ಆ ಕೆಲಸದಲ್ಲಿ ದಕ್ಷಿಣ ಆಫ್ರಿಕದ ವಿಲಿಯಂ ಮರ್ರೆ ಅವರದು ಮುಖ್ಯ ಪಾತ್ರ. 1906ರಲ್ಲಿ ಹೊಸ ಒಡಂಬಡಿಕೆ, 1922ರಲ್ಲಿ ಇಡೀ ಬೈಬಲ್ 'ಬುಕು ಲೊಪತುಲಿಕ', ಅಂದರೆ ಪವಿತ್ರ ಗ್ರಂಥ ಎಂಬ ಹೆಸರಿನಲ್ಲಿ ಸಿದ್ಧವಾಯಿತು. ತಮ್ಮ ಹೆಸರಿನ ಪುಸ್ತಕ ಹಳತಾದುದನ್ನು ಲಾಸ್ ಬದುಕಿದ್ದಾಗಲೇ ಕಂಡರು. ಅವರೋ ಶಾಲೆ, ಆಸ್ಪತ್ರೆ, ಕುಶಲ ಕಸುಬುಗಳ ತರಬೇತಿ ಎಂದು ದುಡಿಯುತ್ತಲೇ ಇದ್ದರು. 1894ರಲ್ಲಿ ಎತ್ತರದ ಬೆಟ್ಟದ ಮೇಲೆ ಲಿವಿಂಗ್‌ಸ್ಟೋನಿಯಾ ವಿದ್ಯಾಸಂಸ್ಥೆಗೆ ಅಡಿಪಾಯ ಹಾಕಿದರು. ಐವತ್ತೆರಡು ವರ್ಷಗಳ ಸೇವೆಯ ನಂತರ 1927ರಲ್ಲಿ ತಾಯ್ನಾಡಿಗೆ ಮರಳಿ, 1934ರಲ್ಲಿ ಪ್ರಭುವಿನಲ್ಲಿ ನಿದ್ರೆಹೋದರು.

ಕಥೋಲಿಕ ಮೋಂಟ್‌ಫೋರ್ಟ್ ಸಭೆಯ ಗುರುಗಳು 1901ರಲ್ಲಿ ಮಲಾವಿಗೆ ಬಂದು ನ್ಜಾಮಾ ಎಂಬಲ್ಲಿ ಧರ್ಮಕೇಂದ್ರ ತೆರೆದರು. ಆ ದಿನಗಳಲ್ಲಿ ಕಥೋಲಿಕರಿಗೂ ಪ್ರೊಟೆಸ್ಟೆಂಟರಿಗೂ ನಡುವೆ ಪ್ರೀತಿಗಿಂತ ಪೈಪೋಟಿಯೇ ಹೆಚ್ಚು. ಒಂದೇ ಊರಿನಲ್ಲಿ ಇಬ್ಬರದೂ ಬೇರೆ ಶಾಲೆ, ಬೇರೆ ಪುಸ್ತಕ. ದ್ವಿತೀಯ ವ್ಯಾಟಿಕನ್ ಮಹಾಸಭೆ 1965ರಲ್ಲಿ ದೈವವಾಕ್ಯದ ಕುರಿತ ತನ್ನ ಶಾಸನದಲ್ಲಿ ಇತರ ಕ್ರೈಸ್ತರೊಡನೆ ಕೂಡಿ ಅನುವಾದ ಮಾಡಲು ದಾರಿ ತೆರೆಯಿತು. ಅದರಂತೆ ಮಲಾವಿಯಲ್ಲೂ ಎರಡೂ ಕಡೆಯವರು ಒಂದೇ ಮೇಜಿನ ಸುತ್ತ ಕುಳಿತರು. 1998ರಲ್ಲಿ ಸುಲಭ ಚಿಚೆವಾದಲ್ಲಿ 'ಬುಕು ಲೊಯೆರಾ' ಹೊರಬಂದಿತು. ಒಂದು ಕಾಲದಲ್ಲಿ ಮುಖ ತಿರುಗಿಸಿಕೊಂಡವರ ಮಕ್ಕಳು ಮೊಮ್ಮಕ್ಕಳಿಗೆ ಹೀಗೆ ಒಂದೇ ಬೈಬಲ್ ದೊರೆಯಿತು. ಲಾಸ್ ಅದನ್ನು ನೋಡಲಿಲ್ಲ, ಊಹಿಸಿಯೂ ಇರಲಾರರು.

ಪ್ರಿಯ ಓದುಗರೇ, ಬಿತ್ತುವವರು ಯಾರೋ, ಕೊಯ್ಯುವವರು ಯಾರೋ. ಮಕ್ಕಳಿಗೆ ಜಪ ಕಲಿಸುವ ತಾಯಿ, ಭಾನುವಾರ ಧರ್ಮೋಪದೇಶ ಹೇಳುವ ಶಿಕ್ಷಕಿ, ದಾರಿ ತಪ್ಪಿದ ಮಗನಿಗಾಗಿ ದಿನವೂ ಪ್ರಾರ್ಥಿಸುವ ತಂದೆ, ಇವರೆಲ್ಲರಿಗೂ ಐದು ವರ್ಷಕ್ಕೆ ಒಂದೇ ಫಲ ಕಂಡ ದಿನಗಳಿರುತ್ತವೆ. ಒಂದೂ ಕಾಣದ ದಿನಗಳೂ ಇರುತ್ತವೆ. ಆಗ ಆ ಬಡಗಿಯ ಮಗನನ್ನು ನೆನೆಯೋಣ. ಇಂದು ಸಂಜೆ ಜಪಸರ ಮುಗಿದ ಮೇಲೆ ಮನೆಯ ಬೈಬಲನ್ನು ತೆರೆದು ಒಂದು ಅಧ್ಯಾಯವನ್ನಾದರೂ ಗಟ್ಟಿಯಾಗಿ ಓದೋಣ. ಅದು ನಮ್ಮ ಭಾಷೆಯಲ್ಲಿರುವುದು ಯಾರದೋ ತಾಳ್ಮೆಯ ಫಲ ಎಂಬ ಕೃತಜ್ಞತೆ ನಮ್ಮಲ್ಲಿರಲಿ.